ಆರನೇ ಬ್ಲಾಕಿನ ಚಾವಣಿ

ಓವರ್‌ಸಿಯರಮ್ಮ ಹುಟ್ಟಾ ಸಿಟ್ಟಿನವರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ನಮ್ಮ ಕಚೇರಿಗೆ ಆಮೇಲೆ ಬಂದವರೆಲ್ಲ ಅವರನ್ನು ಜಗಳಗಂಟಿ ಅಂತಲೇ ಕೇಳಿ ತಿಳಿದವರು. ನಾನು ಅಲ್ಲಿ ಇಪ್ಪತ್ತೊಂಬತ್ತು ವರ್ಷ ಟೈಪಿಸ್ಟ್ ಆಗಿದ್ದವನು. ಅವರು ಮೊದಲ ದಿನ ಬಂದಾಗ ನನ್ನ ಮೇಜಿನ ಮುಂದೆ ನಿಂತು, "ಅಣ್ಣ, ನನ್ನ ಕೈಬರಹ ಕೋಳಿ ಕೆದಕಿದ ಹಾಗಿರುತ್ತೆ, ಬೈಕೋಬೇಡಿ" ಅಂದು ನಕ್ಕಿದ್ದರು. ಆಗ ಅವರಿಗೆ ಮೂವತ್ತನಾಲ್ಕು ವರ್ಷ. ಆ ನಗು ಸುಮಾರು ನಾಲ್ಕು ವರ್ಷ ಬಾಳಿತು.

ನಮ್ಮದು ಸೇನೆಯ ನೆಲ ಮತ್ತು ಕಟ್ಟಡಗಳನ್ನು ನೋಡಿಕೊಳ್ಳುವ ಕಚೇರಿ. ಬಂದೂಕು, ಮದ್ದುಗುಂಡು ನಮಗೆ ಸಂಬಂಧವಿಲ್ಲ. ಸೈನಿಕ ಮಲಗುವ ಕೋಣೆ, ಅವನ ಹೆಂಡತಿ ಮಕ್ಕಳು ಇರುವ ಕ್ವಾರ್ಟರ್ಸು, ಆಸ್ಪತ್ರೆ, ಕವಾಯತು ಮೈದಾನ, ನೀರಿನ ಟ್ಯಾಂಕು, ಚರಂಡಿ, ಬೇಲಿ, ಗಡಿಕಲ್ಲು, ಇವೆಲ್ಲ ನಮ್ಮ ತಲೆನೋವು. ನಾವೆಲ್ಲ ಸಮವಸ್ತ್ರವಿಲ್ಲದವರು. ಪ್ರತಿ ವರ್ಷ ಓವರ್‌ಸಿಯರುಗಳು ತಮ್ಮ ತಮ್ಮ ಕಟ್ಟಡಗಳಿಗೆ ಏನೇನು ರಿಪೇರಿ ಬೇಕು ಅಂತ ಪಟ್ಟಿ ಬರೆಯುತ್ತಾರೆ. ಇಂಜಿನಿಯರ್ ಸಾಹೇಬರು ಅದರಲ್ಲಿ ಅರ್ಧ ಹೊಡೆದುಹಾಕುತ್ತಾರೆ. ಉಳಿದದ್ದು ರಾಜಧಾನಿಗೆ ಹೋಗುತ್ತದೆ. ಅಲ್ಲಿಂದ ಎಂಟು ತಿಂಗಳ ನಂತರ ಕೇಳಿದ್ದರ ಕಾಲು ಭಾಗ ಬರುತ್ತದೆ. ಇದು ಸಾಲದೆಂಬಂತೆ, ಹಣಕಾಸು ವರ್ಷ ಮುಗಿಯುವ ಕೊನೇ ತಿಂಗಳಲ್ಲಿ ಎಲ್ಲಿಂದಲೋ ಹಣದ ಹೊಳೆ ಹರಿಯುತ್ತದೆ. ಮೂವತ್ತು ದಿನದೊಳಗೆ ಖರ್ಚು ಮಾಡದಿದ್ದರೆ ವಾಪಸ್ಸು. ಆಗ ಸಾಹೇಬರುಗಳು ರಸ್ತೆ ಅಂಚಿನ ಕಲ್ಲಿಗೆಲ್ಲ ಬಣ್ಣ ಹೊಡೆಸುತ್ತಿದ್ದರು. ಒಂದೇ ಕಲ್ಲಿಗೆ ಒಂದೇ ವರ್ಷದಲ್ಲಿ ಎರಡು ಸಲ ಬಣ್ಣ ಹೊಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಓವರ್‌ಸಿಯರಮ್ಮನಿಗೆ ಕೊಟ್ಟದ್ದು ಸೈನಿಕರ ಕುಟುಂಬಗಳಿದ್ದ ಎಂಟು ಬ್ಲಾಕು. ಒಂದೊಂದರಲ್ಲೂ ಇಪ್ಪತ್ತನಾಲ್ಕು ಮನೆ. ಅರವತ್ತು ವರ್ಷ ಹಳೆಯವು. ಅವರ ಅಪ್ಪ ಗಾರೆ ಕೆಲಸದ ಮೇಸ್ತ್ರಿ. "ಮಡಕೆ ಕೊಳ್ಳುವಾಗ ಬಡಿದು ನೋಡಲ್ವಾ, ಗಾರೇನೂ ಹಾಗೇ" ಅಂತ ಮಗಳಿಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರಂತೆ. ಈಕೆ ಒಂದು ಉದ್ದನೆಯ ಬಿದಿರು ಕೋಲಿನ ತುದಿಗೆ ಮರದ ಗುಬುಟು ಸಿಕ್ಕಿಸಿಕೊಂಡು ಮನೆಮನೆಗೆ ಹೋಗಿ ಚಾವಣಿ ಬಡಿಯುತ್ತಿದ್ದರು. ಗಟ್ಟಿ ಇದ್ದ ಕಡೆ 'ಟಣ್' ಅನ್ನುತ್ತಿತ್ತು. ಒಳಗೆ ಟೊಳ್ಳಾದ ಕಡೆ 'ಡಬ್' ಅನ್ನುತ್ತಿತ್ತು. ಟೊಳ್ಳು ಎಲ್ಲಿಂದ ಎಲ್ಲಿಯವರೆಗೆ ಇದೆಯೋ ಅಷ್ಟಕ್ಕೂ ಕುರ್ಚಿ ಹತ್ತಿ ನೀಲಿ ಬಣ್ಣದ ಕಡ್ಡಿಯಿಂದ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದು ಸಣ್ಣ ಸಹಿ ಹಾಕುತ್ತಿದ್ದರು. ಕ್ವಾರ್ಟರ್ಸಿನ ಹೆಂಗಸರು ಅವರಿಗೆ ಕೋಲಮ್ಮ ಅಂತ ಹೆಸರಿಟ್ಟರು. ಅವರ ಅತ್ತೆಯಂತೂ ದಿನಾ ಹಂಗಿಸುತ್ತಿದ್ದರಂತೆ: "ಊರವರ ಮನೆ ತಲೆಗೆಲ್ಲ ಕೋಲು ಹಾಕ್ತೀಯ, ನಮ್ಮನೆ ಬಚ್ಚಲು ಸೋರೋದು ನಿನ್ನ ಗಂಡನಿಗೂ ಕಾಣಲ್ಲ, ನಿನಗೂ ಕಾಣಲ್ಲ!" ಗಂಡ ಸೈಕಲ್ ಅಂಗಡಿಯವನು, ಸಾಧು. ಸೊಸೆ ಅತ್ತೆ ಇಬ್ಬರೂ ನಕ್ಕರೆ ಅವನೂ ನಗುತ್ತಿದ್ದ.

ಎಂಟು ಬ್ಲಾಕಿನಲ್ಲಿ ಆರನೆಯದು ಕೆಟ್ಟದ್ದು. ಮೊದಲ ವರ್ಷ ಅಲ್ಲಿಯ ಟೊಳ್ಳುಗಳು ಊಟದ ತಟ್ಟೆಯಷ್ಟಿದ್ದವು. ಎರಡನೇ ವರ್ಷ ಮೊರದಷ್ಟಾದವು. ಮೂರನೇ ವರ್ಷ ಕೆಲವು ಮನೆಗಳಲ್ಲಿ ಮಂಚದಷ್ಟಾದವು. ಒಂದರ ಸುತ್ತ ಒಂದು ನೀಲಿ ಗೆರೆ, ಒಂದೊಂದಕ್ಕೂ ಒಂದೊಂದು ತಾರೀಖು. ಪ್ರತಿ ವರ್ಷ ಅವರು ಪತ್ರ ಬರೆದರು, ನಾನು ಟೈಪ್ ಮಾಡಿದೆ. ಚಾವಣಿಯೊಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಊದಿಕೊಂಡಿದೆ, ಗಾರೆಯನ್ನು ಕೆಳಕ್ಕೆ ತಳ್ಳುತ್ತಿದೆ, ಮನೆಗಳನ್ನು ಖಾಲಿ ಮಾಡಿಸಿ ಹೊಸ ಚಾವಣಿ ಹಾಕಬೇಕು ಅನ್ನುವುದು ಪತ್ರದ ಸಾರ. ಉತ್ತರವನ್ನೂ ನಾನೇ ಟೈಪ್ ಮಾಡುತ್ತಿದ್ದೆ. ಅದು ಯಾವಾಗಲೂ ಒಂದೇ ಸಾಲು: ಮುಂದಿನ ವರ್ಷದ ಅನುದಾನದಲ್ಲಿ ಪರಿಗಣಿಸಲಾಗುವುದು.

ಮೂರನೇ ಸಲ ಸಾಹೇಬರು ಅವರನ್ನು ಕೋಣೆಗೆ ಕರೆಸಿದರು. ನಾನು ಅಲ್ಲೇ ಪ್ಯಾಡ್ ಹಿಡಿದು ಕೂತಿದ್ದೆ.

"ಏನಮ್ಮ ನೀವು, ಅರವತ್ತು ವರ್ಷದಿಂದ ನಿಂತಿರೋ ಬ್ಲಾಕು, ಇನ್ನೊಂದು ವರ್ಷ ನಿಲ್ಲಲ್ವಾ?"

"ಬ್ಲಾಕು ನಿಲ್ಲುತ್ತೆ ಸಾರ್. ಮೇಲಿನ ಗಾರೆ ನಿಲ್ಲಲ್ಲ."

"ಹಾಗಾದ್ರೆ ತೇಪೆ ಹಾಕ್ಸಿ."

"ಹುಳುಕು ಹಲ್ಲಿನ ಮೇಲೆ ಸುಣ್ಣ ಬಳಿದ್ರೆ ನೋವು ಹೋಗುತ್ತಾ ಸಾರ್?"

ಸಾಹೇಬರಿಗೆ ಮಾತು ಹಿಡಿಸಲಿಲ್ಲ. "ದುಡ್ಡಿಲ್ಲಮ್ಮ," ಅಂದರು. "ದುಡ್ಡಿದ್ರೆ ನನಗೇನು ಹೊಟ್ಟೆಕಿಚ್ಚಾ? ಇನ್ನೊಂದು ವಿಷಯ. ನೀವು ಮನೆಮನೆಗೆ ಹೋಗಿ ಹೆಂಗಸರನ್ನ ಹೆದರಿಸಬಾರದು. ನೋಡಿ, ಗುರುತು ಹಾಕಿ, ಬನ್ನಿ. ಬೀಳುತ್ತೆ ಗೀಳುತ್ತೆ ಅನ್ನೋ ಮಾತು ಬೇಡ. ಗಡೀಲಿರೋ ಗಂಡಂದಿರ ಕಿವಿಗೆ ಬಿದ್ರೆ ಅದೇ ದೊಡ್ಡ ರಾದ್ಧಾಂತ ಆಗುತ್ತೆ."

ಓವರ್‌ಸಿಯರಮ್ಮ "ಆಯ್ತು ಸಾರ್" ಅಂದರು. ಅವರ ಜೀವಮಾನದಲ್ಲಿ ಅವರೇ ಅತಿ ಹೆಚ್ಚು ಶಪಿಸಿಕೊಂಡ ಮಾತು ಅದು.

ಅದೇ ವರ್ಷ ಸೇನೆಯ ಯಾರೋ ಅತಿ ದೊಡ್ಡ ಅಧಿಕಾರಿ ಭೇಟಿಗೆ ಬರುತ್ತಾರೆ ಅಂತಾಯಿತು. ಹೆಬ್ಬಾಗಿಲಿಗೆ ಕಲ್ಲಿನ ಕಮಾನು, ಅದರ ಮುಂದೆ ಕಾರಂಜಿ, ಅದರ ಸುತ್ತ ಹುಲ್ಲುಹಾಸು. ಎಲ್ಲಕ್ಕೂ 'ತುರ್ತು' ಅನ್ನುವ ತಲೆಬರಹದಡಿ ಹಣ ಬಂತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಆ ಅಧಿಕಾರಿ ಬಂದದ್ದು ಹೆಲಿಕಾಪ್ಟರಿನಲ್ಲಿ. ಇಳಿದದ್ದು ಮೈದಾನದಲ್ಲಿ, ಹತ್ತಿದ್ದೂ ಅಲ್ಲೇ. ಕಮಾನನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ.

ನಾಲ್ಕನೇ ಪತ್ರ ಕೊಟ್ಟು ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಎಂಟೂವರೆಗೆ ಆರನೇ ಬ್ಲಾಕಿನ ಹನ್ನೊಂದನೇ ಮನೆಯ ಅಡುಗೆಮನೆಯಲ್ಲಿ ಬಾಗಿಲಷ್ಟು ಅಗಲದ ಗಾರೆ, ಕಾಂಕ್ರೀಟಿನ ಸಮೇತ ಕಳಚಿಬಿತ್ತು. ಕೆಳಗೆ ಒಬ್ಬ ಸೈನಿಕನ ಹೆಂಡತಿ ಹಾಲು ಕಾಯಿಸುತ್ತಿದ್ದಳು. ಅವಳು ಹೊಲಿಗೆಯವಳು. ಎಂಟೂ ಬ್ಲಾಕಿನ ಮಕ್ಕಳ ಸ್ಕೂಲ್ ಬಟ್ಟೆ ಅವಳ ಮಿಷನ್ನಿನಲ್ಲೇ ಆಗುತ್ತಿತ್ತು. ಜೀವ ಉಳಿಯಿತು. ಬಲಗೈ ಮಾತ್ರ ಹೆಗಲಿನಿಂದ ಮಣಿಕಟ್ಟಿನವರೆಗೆ ಜಜ್ಜಿಹೋಯಿತು. ಗಂಡ ಗಡಿಯಲ್ಲಿದ್ದ. ಅವನಿಗೆ ತಂತಿ ಕೊಟ್ಟವನೂ ನಾನೇ.

ಆಸ್ಪತ್ರೆಗೆ ಮೂರನೇ ದಿನ ನಾವಿಬ್ಬರೂ ಹೋದೆವು. ಅವಳ ಹೇಳಿಕೆ ಬರೆದುಕೊಂಡು ಬಾ ಅಂತ ಸಾಹೇಬರು ನನ್ನನ್ನು ಕಳಿಸಿದ್ದರು. ಓವರ್‌ಸಿಯರಮ್ಮ ತಾವಾಗಿಯೇ ಬಂದಿದ್ದರು. ಹೊಲಿಗೆಯವಳ ಮುಖ ಬಿಳುಚಿಕೊಂಡಿತ್ತು. ಕೈಗೆ ಹೆಗಲ ತನಕ ಪಟ್ಟಿ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಕೋಲು ತಗೊಂಡು ಬರ್ತಿದ್ದೋರು ನೀವೇ ಅಲ್ವಾ ಅಕ್ಕ?"

"ಹೌದಮ್ಮ."

"ಮೇಲೆ ತಾರೀಖು ಬರೀತಿದ್ದೋರು?"

"ನಾನೇ."

"ಹಾಗಾದ್ರೆ ಬೀಳುತ್ತೆ ಅಂತ ನಿಮಗೆ ಗೊತ್ತಿತ್ತು."

ಓವರ್‌ಸಿಯರಮ್ಮ, "ನಾಲ್ಕು ಸಲ ಬರೆದೆ ಕಣಮ್ಮ, ಮೇಲಿನವರು..." ಅಂತ ಶುರುಮಾಡಿದರು. ಹೊಲಿಗೆಯವಳು ಎಡಗೈ ಎತ್ತಿ ತಡೆದಳು.

"ಅವರಿಗೆ ಬರೆದ್ರಿ. ನನಗೆ ಹೇಳಿದ್ರಾ? ಅದೇ ಅಡುಗೆಮನೇಲಿ ನಿಂತ್ಕೊಂಡು ನಾನು ಟೀ ಮಾಡಿಕೊಟ್ಟೆ, ನೀವು ಕುಡಿದ್ರಿ. 'ಇದೇನಕ್ಕ ನೀಲಿ ಗೆರೆ' ಅಂತ ಕೇಳಿದೆ. 'ಏನಿಲ್ಲ, ಆಫೀಸಿನ ಲೆಕ್ಕಕ್ಕೆ' ಅಂದ್ರಿ. 'ತಂಗಿ, ನಾಳೆಯಿಂದ ಒಲೆ ವರಾಂಡದಲ್ಲಿಟ್ಕೋ' ಅಂತ ಒಂದು ಮಾತು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಓವರ್‌ಸಿಯರಮ್ಮ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರು. ಅಳುತ್ತಾರೇನೋ ಅಂದುಕೊಂಡೆ. ಅಳಲಿಲ್ಲ. "ಅಣ್ಣ, ಅವಳು ಹೇಳಿದ್ದು ಒಂದಕ್ಷರ ಸುಳ್ಳಿಲ್ಲ" ಅಂದರು. ದನಿ ಬೇರೆಯಾಗಿತ್ತು. ನನಗೆ ಗೊತ್ತಿದ್ದ ಹಳೆಯ ಓವರ್‌ಸಿಯರಮ್ಮನನ್ನು ನಾನು ಅಲ್ಲಿಂದಾಚೆಗೆ ನೋಡಲಿಲ್ಲ.

ಈಗ ನನ್ನ ಪಾಲಿನದ್ದನ್ನೂ ಹೇಳಬೇಕು. ಗಾರೆ ಬಿದ್ದ ಸಂಜೆ ಸಾಹೇಬರು, "ಆ ಬ್ಲಾಕಿನ ಹಳೇ ಪತ್ರ ನಾಲ್ಕೂ ಆಫೀಸ್ ಕಾಪಿ ಸಮೇತ ನನ್ನ ಟೇಬಲ್ ಮೇಲಿಡು" ಅಂದಿದ್ದರು. ಇಟ್ಟೆ. ಅವು ಕಡತಕ್ಕೆ ವಾಪಸ್ಸು ಬರಲಿಲ್ಲ. ನಾನು ಕೇಳಲಿಲ್ಲ. ನನಗೂ ಸಂಸಾರವಿತ್ತು ಅನ್ನುವುದು ಎಲ್ಲ ಹೇಡಿಗಳೂ ಹೇಳುವ ಮಾತು, ಆದ್ದರಿಂದ ಅದನ್ನು ಇಲ್ಲಿ ಹೇಳುವುದಿಲ್ಲ.

ರಾಜಧಾನಿಯಿಂದ ವಿಚಾರಣಾಧಿಕಾರಿ ಬರುವ ದಿನ ಗೊತ್ತಾಯಿತು. ಅದರ ಹಿಂದಿನ ದಿನ ಸಾಹೇಬರು ಒಂದು ಆದೇಶ ಟೈಪ್ ಮಾಡಿಸಿದರು: ಆರನೇ ಬ್ಲಾಕಿನ ಎಲ್ಲ ಮನೆಗಳ ಒಳಚಾವಣಿಗೆ ನಾಳೆ ಬೆಳಿಗ್ಗೆಯೇ ಸುಣ್ಣ ಬಳಿಯತಕ್ಕದ್ದು. ಟೈಪ್ ಮಾಡುತ್ತ ಮಾಡುತ್ತ ನನಗೆ ಅರ್ಥವಾಯಿತು. ಪತ್ರ ಹೋಯಿತು, ಈಗ ತಾರೀಖುಗಳೂ ಹೋಗಬೇಕು. ಆ ಹಾಳೆಯನ್ನು ಬಣ್ಣದ ಮೇಸ್ತ್ರಿಗೆ ಕಳಿಸುವ ಮೊದಲು ಓವರ್‌ಸಿಯರಮ್ಮನ ಮೇಜಿನ ಮೇಲಿಟ್ಟು, ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋದೆ. ಹತ್ತು ನಿಮಿಷ ಬಿಟ್ಟು ಬಂದಾಗ ಹಾಳೆ ನನ್ನ ಮೇಜಿನ ಮೇಲೆ ಮಡಿಸಿ ಇಟ್ಟಿತ್ತು. ಅವರು ಇರಲಿಲ್ಲ.

ಮರುದಿನ ಒಂಬತ್ತಕ್ಕೆ ಮೇಸ್ತ್ರಿ ಆರು ಆಳು, ನಾಲ್ಕು ಏಣಿ, ಸುಣ್ಣದ ಬಕೆಟ್ಟುಗಳೊಂದಿಗೆ ಬಂದ. ಏನಾಗುತ್ತದೋ ನೋಡೋಣವೆಂದು ನಾನೂ ಅವನ ಹಿಂದೆ ಹೋಗಿದ್ದೆ. ಓವರ್‌ಸಿಯರಮ್ಮ ಬ್ಲಾಕಿನ ಕೆಳಗಿನ ಮೆಟ್ಟಿಲ ಮೇಲೆ ಕೋಲು ಅಡ್ಡವಿಟ್ಟುಕೊಂಡು ಕೂತಿದ್ದರು. ಮೇಸ್ತ್ರಿಗೆ ದಾರಿಯಿರಲಿಲ್ಲ.

"ದಾರಿ ಬಿಡಿ ಅಮ್ಮ. ಆರ್ಡರ್ ಇದೆ."

"ನೋಡಿದೀನಿ ಆರ್ಡರ್‌ನ. ನಿಮ್ಮ ಹುಡುಗರು ಏಣಿ ಹತ್ತಿ ಬ್ರಷ್ ಆಡಿಸೋವಾಗ ಮೇಲಿಂದ ಗಾರೆ ಬಿದ್ರೆ ಅವರ ಹೆಂಡ್ತೀರಿಗೆ ಯಾರು ಉತ್ತರ ಹೇಳ್ತಾರೆ ಅಂತ ಅದರಲ್ಲಿ ಬರೆದಿದೆಯಾ?"

ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಹೆಗಲ ಮೇಲಿನ ಏಣಿ ಇಳಿಸಿದ. ಅಷ್ಟರಲ್ಲಿ ಮಹಡಿಯ ಮೇಲಿಂದ ಹೆಂಗಸರು ಒಬ್ಬೊಬ್ಬರಾಗಿ ಇಳಿದುಬಂದರು. ಓವರ್‌ಸಿಯರಮ್ಮ ಹಿಂದಿನ ಸಂಜೆ ಇಪ್ಪತ್ತನಾಲ್ಕು ಮನೆಗೂ ಹೋಗಿ, ನಾಲ್ಕು ವರ್ಷ ಹೇಳದ ಮಾತನ್ನೆಲ್ಲ ಹೇಳಿಬಂದಿದ್ದರು. ಎಷ್ಟೋ ಮನೆಯವರು ಅವರನ್ನು ಬಾಯಿಗೆ ಬಂದಂತೆ ಬೈದಿದ್ದರು. ಬೈದವರೇ ಈಗ ಮೆಟ್ಟಿಲು ತುಂಬಾ ನಿಂತರು. ಅವರಲ್ಲಿ ಒಬ್ಬ ಹವಾಲ್ದಾರನ ತಾಯಿ, ಮುಂದಿನ ಹಲ್ಲಿಲ್ಲದ ಮುದುಕಿ, ಮೇಸ್ತ್ರಿಯ ಬಕೆಟ್ಟಿನೊಳಗೆ ಬಗ್ಗಿ ನೋಡಿದಳು.

"ನಾಲ್ಕು ವರ್ಷ ಕರೆದ್ರೂ ಬರದ ಸುಣ್ಣ, ಇವತ್ತು ಕರೀದೇನೇ ಬಂದಿದೆಯಲ್ಲಪ್ಪ! ಯಾರ ಮುಖಕ್ಕೆ ಬಳಿಯೋಕೆ?"

ಅವಳು ಒಂದು ಏಣಿಯ ತುದಿ ಹಿಡಿದಳು. ಇನ್ನೊಬ್ಬಳು ಇನ್ನೊಂದು ತುದಿ. ನೋಡನೋಡುತ್ತಿದ್ದಂತೆ ನಾಲ್ಕು ಏಣಿಯೂ ನಾಲ್ಕು ಮನೆ ಸೇರಿ ಚಿಲಕ ಬಿತ್ತು. ಮೇಸ್ತ್ರಿ ಬೀಡಿ ಹಚ್ಚಿಕೊಂಡು ಮರದ ಕೆಳಗೆ ಕೂತ. "ಏಣಿ ಇಲ್ಲದೆ ನಾನೇನು ಹಾರಿಕೊಂಡು ಬಳೀಲಾ?" ಅಂದ. ಅವನಿಗೂ ಅದೇ ಬೇಕಿತ್ತೇನೋ.

ಸಾಹೇಬರು ಜೀಪಿನಲ್ಲಿ ಬಂದಿಳಿದರು. ಮುಖ ಕೆಂಪಾಗಿತ್ತು. "ನೀವು ಸರ್ಕಾರಿ ನೌಕರರು ಅನ್ನೋದು ನೆನಪಿದೆಯಾ?" ಅಂತ ಕೂಗಿದರು.

ಓವರ್‌ಸಿಯರಮ್ಮ ಎದ್ದು ನಿಂತರು. "ಅದೊಂದನ್ನೇ ನೆನಪಿಟ್ಕೊಂಡು ನಾಲ್ಕು ವರ್ಷ ಕೆಟ್ಟೆ ಸಾರ್! ಅವಳ ಕೈಯಿಂದ ಟೀ ಇಸ್ಕೊಂಡು ಕುಡಿದು, ಅವಳ ತಲೆ ಮೇಲೆ ತಾರೀಖು ಬರೆದು, ಬಾಯಿ ಮುಚ್ಕೊಂಡು ಬಂದೆ. ನೀವು ಹೇಳಿದ್ರಿ ಅಂತ! ಕಮಾನಿಗೆ ದುಡ್ಡಿತ್ತು, ಕಾರಂಜಿಗೆ ದುಡ್ಡಿತ್ತು, ರಸ್ತೆ ಕಲ್ಲಿಗೆ ಎರಡೆರಡು ಕೋಟು ಬಣ್ಣಕ್ಕೆ ದುಡ್ಡಿತ್ತು. ಇವರ ಗಂಡಂದಿರು ದೇಶದ ಗಡಿ ಕಾಯ್ತಾರೆ, ಇವರ ತಲೆ ಕಾಯೋಕೆ ಮಾತ್ರ ನಿಮ್ಮ ಹತ್ರ ದುಡ್ಡಿಲ್ಲ. ಈಗ ಸುಣ್ಣಕ್ಕೆ ಎಲ್ಲಿಂದ ಬಂತು ಸಾರ್?"

ಅವರ ದನಿ ಅಷ್ಟು ದೊಡ್ಡದು ಅಂತ ನನಗೆ ಗೊತ್ತೇ ಇರಲಿಲ್ಲ. ಮುದುಕಿ ಮೆಟ್ಟಿಲ ಮೇಲಿನಿಂದ, "ಹೇಳಪ್ಪ, ಬಾಯಿ ಬಿಡು" ಅಂದಳು. ಸಾಹೇಬರು ಜೀಪ್ ಹತ್ತಿದರು.

ಮಧ್ಯಾಹ್ನ ವಿಚಾರಣಾಧಿಕಾರಿ ಬಂದರು. ಸಣಕಲು ದೇಹ, ಮೂಗಿನ ತುದಿಗೆ ಕನ್ನಡಕ, ಮಾತು ಕಡಿಮೆ. ಕಚೇರಿಯಲ್ಲಿ ಕೂತು, "ಮುಂಚೆ ಯಾರಾದ್ರೂ ವರದಿ ಕೊಟ್ಟಿದ್ರಾ?" ಅಂತ ಕೇಳಿದರು. ಸಾಹೇಬರು ಇಲ್ಲವೆಂದರು. ಅಧಿಕಾರಿ ನನ್ನ ಕಡೆ ತಿರುಗಿದರು. "ಕಡತದಲ್ಲಿ ಯಾವ ಪತ್ರವೂ ಇಲ್ಲ ಸಾರ್" ಅಂದೆ. ಹೌದು, ಅಂದೆ. ಕಡತದಲ್ಲಿ ನಿಜಕ್ಕೂ ಇರಲಿಲ್ಲವಲ್ಲ. ಓವರ್‌ಸಿಯರಮ್ಮ ನನ್ನನ್ನು ಒಂದು ಕ್ಷಣ ನೋಡಿ, ಅಧಿಕಾರಿಗೆ ಹೇಳಿದರು: "ಕಡತ ಬಿಡಿ ಸಾರ್. ಬ್ಲಾಕಿಗೆ ಬಂದು ತಲೆಯೆತ್ತಿ ನೋಡಿ."

ಅಧಿಕಾರಿ ಇಪ್ಪತ್ತನಾಲ್ಕು ಮನೆಯನ್ನೂ ನೋಡಿದರು. ಮೊದಲ ಮನೆಯಲ್ಲೇ ಒಂದು ಮಂಚದ ಮೇಲೆ ಬೂಟು ಬಿಚ್ಚಿ ಅಂಗಾತ ಮಲಗಿದರು. ಮೇಲೆ ತಟ್ಟೆಯಷ್ಟು ಗೆರೆ, ಅದರ ಸುತ್ತ ಮೊರದಷ್ಟು, ಅದರ ಸುತ್ತ ಮಂಚದಷ್ಟು, ಅದರಾಚೆಗೆ ಈ ವರ್ಷದ್ದು. ನಾಲ್ಕು ತಾರೀಖನ್ನೂ ಗಟ್ಟಿಯಾಗಿ ಓದಿ ಜೊತೆಗಿದ್ದ ಗುಮಾಸ್ತನಿಂದ ಬರೆಸಿದರು. ಆಮೇಲೆ ಕೋಲು ಇಸಿದುಕೊಂಡು ತಾವೇ ಬಡಿದರು. ಡಬ್ ಅಂದಿತು. ಆ ಮನೆಯ ಹೆಂಗಸು ಇಡೀ ಹೊತ್ತು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು.

ಎರಡು ದಿನದಲ್ಲಿ ಬ್ಲಾಕು ಖಾಲಿಯಾಯಿತು. ಕುಟುಂಬಗಳಿಗೆ ಅಧಿಕಾರಿಗಳ ಅತಿಥಿಗೃಹ ಬಿಟ್ಟುಕೊಟ್ಟರು. ಇಪ್ಪತ್ತು ದಿನದಲ್ಲಿ ಹೊಸ ಚಾವಣಿಗೆ ಹಣ ಮಂಜೂರಾಗಿ ಬಂತು. ನಾನು ಸಂತೋಷದಿಂದ ಮಂಜೂರಾತಿ ಪತ್ರವನ್ನು ಓವರ್‌ಸಿಯರಮ್ಮನಿಗೆ ತೋರಿಸಿದೆ. ಅವರು ಓದಿದರು. ಆಮೇಲೆ ನನ್ನ ಮೇಜಿನ ಮೇಲೆ ಎಷ್ಟು ಜೋರಾಗಿ ಗುದ್ದಿದರೆಂದರೆ ಟೈಪ್‌ರೈಟರ್ ಜಿಗಿಯಿತು.

"ಇಪ್ಪತ್ತು ದಿನ! ನಾಲ್ಕು ವರ್ಷ ಇಲ್ಲದ್ದು ಇಪ್ಪತ್ತು ದಿನದಲ್ಲಿ ಎಲ್ಲಿಂದ ಹುಟ್ಟಿತು ಅಣ್ಣ? ಇತ್ತು. ಅಲ್ಲೇ ಇತ್ತು. ಒಂದು ಕೈ ಮುರಿದ ಮೇಲೆ ಕೊಟ್ರು."

ಅವರು ಸಿಟ್ಟಿನವರಾದದ್ದು ಗಾರೆ ಬಿದ್ದಾಗಲೇ ಅಂತ ಜನ ಹೇಳುತ್ತಾರೆ. ಹಣ ಬಂದಾಗ ಅಂತ ನಾನು ಹೇಳುತ್ತೇನೆ.

ಸಾಹೇಬರಿಗೆ ಲಿಖಿತ ಎಚ್ಚರಿಕೆ ಸಿಕ್ಕಿತು. ಎರಡೇ ವರ್ಷದಲ್ಲಿ ಬಡ್ತಿಯೂ ಸಿಕ್ಕಿತು. ಓವರ್‌ಸಿಯರಮ್ಮನ ಮೇಲೆ ಬಂದ ಆರೋಪಪಟ್ಟಿಯನ್ನು ನಾನೇ ಟೈಪ್ ಮಾಡಿದೆ: ಸರ್ಕಾರಿ ಕಟ್ಟಡದ ಚಾವಣಿಯನ್ನು ಅನುಮತಿಯಿಲ್ಲದೆ ಬಣ್ಣದ ಕಡ್ಡಿಯಿಂದ ಬರೆದು ವಿರೂಪಗೊಳಿಸಿದ್ದು, ಮತ್ತು ಸುಣ್ಣದ ಕೆಲಸಕ್ಕೆ ಅಡ್ಡಿಪಡಿಸಿದ್ದು. ನಗಬೇಡಿ, ಅಕ್ಷರಶಃ ಹೀಗೇ ಇತ್ತು. ಕ್ಷಮಾಪಣೆ ಬರೆದುಕೊಟ್ಟರೆ ಇಲ್ಲಿಗೇ ಬಿಡುತ್ತೇವೆ ಅಂದರು. ಅವರು ಎರಡು ಸಾಲು ಬರೆದರು. "ಗಾರೆ ಬೀಳುವ ಮೊದಲು ಮನೆ ಖಾಲಿ ಮಾಡಿಸದಿದ್ದದ್ದಕ್ಕೆ ಹನ್ನೊಂದನೇ ಮನೆಯವಳ ಕ್ಷಮೆ ಕೇಳುತ್ತೇನೆ. ಬೇರೆ ಯಾರ ಕ್ಷಮೆಯನ್ನೂ ಕೇಳುವುದಿಲ್ಲ." ಎರಡು ವರ್ಷದ ಸಂಬಳದ ಏರಿಕೆ ಹೋಯಿತು. ಊರಾಚೆಯ ಗುಂಡು ಹಾರಿಸುವ ಮೈದಾನಕ್ಕೆ ವರ್ಗವಾಯಿತು. ಅಲ್ಲಿದ್ದದ್ದು ಹುಲ್ಲು, ಗಡಿಕಲ್ಲು, ಒಂದು ಶೆಡ್ಡು, ಒಂದು ಕಾವಲು ಗೋಪುರ. "ಒಳ್ಳೇದೇ ಆಯ್ತು ಬಿಡು, ಅಲ್ಲಿ ಬಡಿಯೋಕೆ ಚಾವಣೀನೇ ಇಲ್ಲ" ಅಂದರಂತೆ ಅತ್ತೆ. ಅಂದು, ಸೊಸೆಯ ಬುತ್ತಿಗೆ ಒಂದು ಮೊಟ್ಟೆ ಹೆಚ್ಚಿಗೆ ಹಾಕಿದರಂತೆ.

ಕಚೇರಿ ಬಿಡುವ ದಿನ ಅವರು ಡ್ರಾಯರ್ ಖಾಲಿ ಮಾಡುತ್ತಿದ್ದರು. ನಾನು ಹೋಗಿ ನಿಂತೆ. "ಪತ್ರಗಳನ್ನ ಸಾಹೇಬರ ಕೈಗೆ ಕೊಟ್ಟದ್ದು ನಾನೇ ಅಮ್ಮ."

"ಗೊತ್ತು."

"ಸಿಟ್ಟಿಲ್ವಾ?"

"ಇದೆ ಅಣ್ಣ," ಅಂದರು. "ಇರುತ್ತೆ. ಆ ಆದೇಶ ತೋರಿಸಿದ್ರಿ ಅಂತ ಅದು ಹೋಗಲ್ಲ." ಇಷ್ಟು ಹೇಳಿ ಚೀಲ ಹೆಗಲಿಗೇರಿಸಿಕೊಂಡು ಹೋದರು.

ಹೊಲಿಗೆಯವಳ ಕೈ ಮೊದಲಿನಂತಾಗಲಿಲ್ಲ. ಪರಿಹಾರ ಅಂತ ಒಂದಿಷ್ಟು ಬಂತು. ಗಂಡನಿಗೆ ಹತ್ತಿರದ ಊರಿಗೆ ವರ್ಗವಾಯಿತು. ಈಗ ಅವಳು ಅಳತೆ ತೆಗೆಯುತ್ತಾಳೆ, ಹೇಳಿಕೊಡುತ್ತಾಳೆ, ಹೊಲಿಯುವವಳು ಅವಳ ನಾದಿನಿ. ಓವರ್‌ಸಿಯರಮ್ಮ ಪ್ರತಿ ತಿಂಗಳೂ ಅವಳ ಮನೆಗೆ ಹೋಗುತ್ತಿದ್ದರು. ಮೊದಲ ವರ್ಷ ಬಾಗಿಲು ತೆರೆಯಲಿಲ್ಲ. ಆಮೇಲೆ ತೆರೆಯಿತು. ಆದರೆ ಟೀ ಅಂತ ಅವಳು ಒಂದು ದಿನವೂ ಕೇಳಲಿಲ್ಲ, ಇವರೂ ಬಯಸಲಿಲ್ಲ.

ಮೈದಾನದ ಕಾವಲು ಗೋಪುರ ನಲವತ್ತು ಅಡಿ ಎತ್ತರದ್ದು. ಕಬ್ಬಿಣದ ಏಣಿ ತುಕ್ಕು ತಿಂದು ಜಾಲರಿಯಾಗಿತ್ತು. ಕಾವಲಿನವರು ದಿನಕ್ಕೆ ಆರು ಸಲ ಹತ್ತಿ ಇಳಿಯುತ್ತಿದ್ದರು. ಓವರ್‌ಸಿಯರಮ್ಮ ಅದನ್ನು ನೋಡಿದ ದಿನ ಪತ್ರ ಬರೆಯಲಿಲ್ಲ. ಊರಿನಿಂದ ವೆಲ್ಡಿಂಗ್‌ನವನನ್ನು ಕರೆಸಿ, ಕೆಳಗಿನ ಹನ್ನೆರಡು ಮೆಟ್ಟಿಲನ್ನು ಕತ್ತರಿಸಿ ಹಾಕಿಸಿದರು. ಇನ್ನು ಯಾರೂ ಹತ್ತುವ ಹಾಗಿಲ್ಲ. ಕಾವಲು ಕೆಳಗೇ ನಿಂತಿತು. ಕಚೇರಿಯಲ್ಲಿ ಫೋನುಗಳು ಕೂಗಾಡಿದವು. ಹೊಸ ಇಂಜಿನಿಯರ್ ಸಾಹೇಬರು ಸಿಡಿಮಿಡಿಗೊಂಡು ಮೆಮೋ ಬರೆಸಿ, "ನೀನೇ ಹೋಗಿ ಸಹಿ ಹಾಕಿಸ್ಕೊಂಡು ಬಾ" ಅಂತ ನನ್ನನ್ನು ಕಳಿಸಿದರು.

ಹೋದೆ. ಹೊಸ ಏಣಿ ನನಗಿಂತ ಮೊದಲೇ ಬಂದಿತ್ತು. ಒಂಬತ್ತು ದಿನದಲ್ಲಿ. ಕೂರಿಸುವವರು ಕೊನೇ ಬೋಲ್ಟು ತಿರುಗಿಸುತ್ತಿದ್ದರು. ಓವರ್‌ಸಿಯರಮ್ಮನ ತಲೆ ಅಲ್ಲಲ್ಲಿ ಬೆಳ್ಳಗಾಗಿತ್ತು. ಮೆಮೋ ಓದಿದರು, ನನ್ನ ಬೆನ್ನ ಮೇಲೆ ಕಾಗದ ಇಟ್ಟು ಸಹಿ ಹಾಕಿದರು.

"ಮುಂದಿನ ಸಲ ಇನ್ನೂ ಖಾರವಾಗಿ ಬರೀಬೇಕಂತೆ ಅಂತ ಹೇಳಿ ನಿಮ್ಮ ಸಾಹೇಬರಿಗೆ," ಅಂದರು. "ಮೆಮೋ ಬರೋಕೆ ಹತ್ತು ದಿನ, ಏಣಿಗೆ ಒಂಬತ್ತೇ ದಿನ. ಬರೆಯೋದು ಬಿಟ್ಟು ಕತ್ತರಿಸಿದ್ರೆ ಎಷ್ಟು ಬೇಗ ಕೆಲಸ ಆಗುತ್ತೆ ನೋಡಿ. ಈ ಬುದ್ಧಿ ನನಗೆ ಆಗಲೇ ಬಂದಿದ್ರೆ..."

ಮಾತು ಅಲ್ಲಿಗೇ ನಿಲ್ಲಿಸಿ ಏಣಿಯ ಕಡೆ ಹೋದರು. ಹತ್ತಲು ಬಂದ ಕಾವಲಿನ ಹುಡುಗನನ್ನು ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ಒದ್ದು ನೋಡುತ್ತ, ತಾವೇ ಮೊದಲು ಮೇಲಕ್ಕೆ ಹತ್ತಿದರು.